ಅಂತಿಮ ತೀರ್ಪು ಮತ್ತು ಮರಳಿ ಬಾಗಿಲು ತಟ್ಟುವ ಹಕ್ಕು

(ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ದೊಡ್ಡ ಅಪರಾಧವೊಂದು ನಡೆದು, ಅಪರಾಧಿಗಳಿಗೆ ಮರಣದಂಡನೆಯಾಗಿ, ಅದು ವರ್ಷಗಟ್ಟಲೆ ಜಾರಿಯಾಗದೆ ಉಳಿದಾಗಲೆಲ್ಲ ನಮ್ಮ ಬೀದಿಗಳಲ್ಲಿ, ಚಹಾದಂಗಡಿಗಳಲ್ಲಿ, ಟಿ.ವಿ. ಚರ್ಚೆಗಳಲ್ಲಿ ಒಂದೇ ಮಾತು ಕೇಳಿ ಬರುತ್ತದೆ: "ಸುಪ್ರೀಮ್ ಕೋರ್ಟ್ ತೀರ್ಪು ಕೊಟ್ಟ ಮೇಲೂ ಮತ್ತೆ ಮತ್ತೆ ಅರ್ಜಿ ಏಕೆ?" ಈ ಪ್ರಶ್ನೆಯಲ್ಲಿ ಅರ್ಥವಿಲ್ಲವೆಂದು ನಾವು ಹೇಳಲಾರೆವು. ಆದರೆ ಅದನ್ನು ಕೇಳುವವರು ಉತ್ತರಕ್ಕಾಗಿ ಕಾಯುವ ತಾಳ್ಮೆ ತೋರುವುದಿಲ್ಲ ಎಂಬುದೇ ನಮ್ಮ ದೂರು. ಇಂದು ನಾವು ಆ ಉತ್ತರವನ್ನು ಸ್ವಲ್ಪ ಸಾವಧಾನದಿಂದ ಹುಡುಕೋಣ.

ಮೊದಲಿಗೆ ಪ್ರಶ್ನೆ ಕೇಳುವವರ ಪಕ್ಷವನ್ನೇ ನೋಡೋಣ. ಯಾವುದೇ ವ್ಯಾಜ್ಯವು ಒಂದೆಡೆ ಕೊನೆಗೊಳ್ಳಲೇಬೇಕು. ಕೊನೆಯೇ ಇಲ್ಲದ ವ್ಯಾಜ್ಯದಲ್ಲಿ ಗೆದ್ದವನಿಗೂ ನೆಮ್ಮದಿಯಿರದು, ಸೋತವನಿಗೂ ಇರದು. ಆದ್ದರಿಂದಲೇ ನಮ್ಮ ಕಾನೂನು, ನ್ಯಾಯಾಧೀಶರು ತೀರ್ಪಿಗೆ ಸಹಿ ಹಾಕಿದ ಬಳಿಕ ಬರಹದ ಅಥವಾ ಲೆಕ್ಕದ ಸಣ್ಣ ತಪ್ಪನ್ನು ತಿದ್ದುವುದರ ಹೊರತು ಅದನ್ನು ಬದಲಾಯಿಸುವಂತಿಲ್ಲ ಎಂದು ವಿಧಿಸಿದೆ. ಹಳೆಯ ದಂಡಪ್ರಕ್ರಿಯಾ ಸಂಹಿತೆಯ 362ನೇ ಕಲಮಿನಲ್ಲಿದ್ದ ಈ ನಿಯಮವು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 403ನೇ ಕಲಮಿನಲ್ಲಿ ಮುಂದುವರಿದಿದೆ. ಇಂದು ಕೊಟ್ಟ ತೀರ್ಪನ್ನು ನಾಳೆ ಯಾರದೋ ಒತ್ತಡಕ್ಕೆ ಮಣಿದು ತಿದ್ದುವಂತಾದರೆ ಅದು ನ್ಯಾಯಾಲಯವಾಗಿ ಉಳಿಯದು, ಸಂತೆಯಾಗುವುದು.

ಹತ್ಯೆಗೀಡಾದವರ ಮನೆಯವರ ನೋವನ್ನೂ ನಾವು ಮರೆಯಬಾರದು. 2012ರ ಡಿಸೆಂಬರ್ 16ರಂದು ದಿಲ್ಲಿಯ ಬಸ್ಸೊಂದರಲ್ಲಿ ನಡೆದ ಅತ್ಯಾಚಾರ ಮತ್ತು ಹತ್ಯೆಯ ಪ್ರಕರಣವನ್ನೇ ನೋಡಿರಿ. ಒಂಬತ್ತೇ ತಿಂಗಳಲ್ಲಿ ವಿಚಾರಣಾ ನ್ಯಾಯಾಲಯವು ನಾಲ್ವರಿಗೆ ಮರಣದಂಡನೆ ವಿಧಿಸಿತು. 2017ರ ಮೇಯಲ್ಲಿ ಸುಪ್ರೀಮ್ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಆದರೆ ನಾಲ್ವರಲ್ಲಿ ಒಬ್ಬನ ಪುನರ್‌ಪರಿಶೀಲನಾ ಅರ್ಜಿ ತಿರಸ್ಕೃತವಾದದ್ದು 2019ರ ಡಿಸೆಂಬರ್‌ನಲ್ಲಿ. ಆ ಬಳಿಕ ಒಬ್ಬೊಬ್ಬರಾಗಿ ಅರ್ಜಿ ಹಾಕುತ್ತಾ ಹೋದಂತೆ ನಿಗದಿಯಾದ ದಿನಾಂಕವು ಮೂರು ಬಾರಿ ಮುಂದಕ್ಕೆ ಹೋಯಿತು. 2020ರ ಮಾರ್ಚ್ 20ರ ಮುಂಜಾನೆ ದಂಡನೆ ಜಾರಿಯಾಗುವ ಕೆಲವೇ ತಾಸುಗಳ ಮೊದಲು, ನಡುರಾತ್ರಿಯ ನಂತರವೂ ಸುಪ್ರೀಮ್ ಕೋರ್ಟಿನಲ್ಲಿ ವಾದ ನಡೆದಿತ್ತು. ಪ್ರತಿಯೊಂದು ಮುಂದೂಡಿಕೆಯ ಸುದ್ದಿಯನ್ನೂ ಆ ಹೆಣ್ಣುಮಗಳ ತಾಯಿ ಹೇಗೆ ಸಹಿಸಿರಬಹುದು? ಅರ್ಜಿ ಹಾಕುವ ಹಕ್ಕಿನ ಪರವಾಗಿ ಮಾತನಾಡುವವರೆಲ್ಲರೂ ಆ ತಾಯಿಯ ಮುಖವನ್ನೊಮ್ಮೆ ನೆನೆದು ಮಾತನಾಡಬೇಕು.

ಇಷ್ಟನ್ನೂ ಒಪ್ಪಿಕೊಂಡೇ ನಾವು ಮುಂದಿನ ಮಾತನ್ನು ಹೇಳುತ್ತಿದ್ದೇವೆ. ಅಂತಿಮ ತೀರ್ಪು ಎಂದರೆ ತಪ್ಪೇ ಇಲ್ಲದ ತೀರ್ಪು ಎಂದರ್ಥವಲ್ಲ. ಅದರ ಮೇಲೆ ಇನ್ನೊಂದು ನ್ಯಾಯಾಲಯವಿಲ್ಲ ಎಂದಷ್ಟೇ ಅದರ ಅರ್ಥ.

ಒಂದೇ ಅಪರಾಧ, ಮೂರು ಹಣೆಬರಹ

ಉತ್ತರ ಪ್ರದೇಶದಲ್ಲಿ ನಾಲ್ವರ ಕೊಲೆಗಾಗಿ ಜೀತಾ ಸಿಂಗ್, ಕಶ್ಮೀರಾ ಸಿಂಗ್, ಹರಬನ್ಸ್ ಸಿಂಗ್ ಎಂಬ ಮೂವರಿಗೆ ಮರಣದಂಡನೆಯಾಗಿತ್ತು. ಮೂವರ ಪಾತ್ರವೂ ಒಂದೇ, ಸಾಕ್ಷ್ಯವೂ ಒಂದೇ. ಮೂವರೂ ಬೇರೆ ಬೇರೆಯಾಗಿ ಸುಪ್ರೀಮ್ ಕೋರ್ಟಿಗೆ ಹೋದರು. ಜೀತಾ ಸಿಂಗನ ಅರ್ಜಿ 1976ರಲ್ಲಿ ತಿರಸ್ಕೃತವಾಯಿತು. ಕಶ್ಮೀರಾ ಸಿಂಗನ ಅರ್ಜಿ ಬೇರೆ ಪೀಠದ ಮುಂದೆ ಬಂದು, 1977ರಲ್ಲಿ ಅವನ ಶಿಕ್ಷೆಯು ಜೀವಾವಧಿಗೆ ಇಳಿಯಿತು. ಹರಬನ್ಸ್ ಸಿಂಗನ ಮೇಲ್ಮನವಿ, ಪುನರ್‌ಪರಿಶೀಲನಾ ಅರ್ಜಿ, ರಾಷ್ಟ್ರಪತಿಯವರಿಗೆ ಸಲ್ಲಿಸಿದ ಕ್ಷಮಾದಾನದ ಅರ್ಜಿ ಇವೆಲ್ಲವೂ ತಿರಸ್ಕೃತವಾದವು. 1981ರ ಅಕ್ಟೋಬರ್ 6ರಂದು ಜೀತಾ ಸಿಂಗನನ್ನು ಗಲ್ಲಿಗೇರಿಸಲಾಯಿತು. ಅದೇ ದಿನ ಗಲ್ಲಿಗೇರಬೇಕಾಗಿದ್ದ ಹರಬನ್ಸ್ ಸಿಂಗ್ ಕೊನೆಯ ಗಳಿಗೆಯಲ್ಲಿ ಮತ್ತೊಂದು ಅರ್ಜಿ ಹಾಕಿ ತಡೆಯಾಜ್ಞೆ ಪಡೆದ. ಆಗಲೇ ನ್ಯಾಯಾಲಯದ ಗಮನಕ್ಕೆ ಬಂದದ್ದು: ಸಮಾನ ಅಪರಾಧಿಗಳಲ್ಲಿ ಒಬ್ಬ ಬದುಕಿದ್ದಾನೆ, ಒಬ್ಬ ಸತ್ತಿದ್ದಾನೆ, ಒಬ್ಬ ನಡುವೆ ನಿಂತಿದ್ದಾನೆ. 1982ರ ಫೆಬ್ರವರಿಯಲ್ಲಿ ಸುಪ್ರೀಮ್ ಕೋರ್ಟ್, ಹರಬನ್ಸ್ ಸಿಂಗನ ಶಿಕ್ಷೆಯನ್ನು ಕಡಿತಗೊಳಿಸುವಂತೆ ರಾಷ್ಟ್ರಪತಿಯವರಿಗೆ ಶಿಫಾರಸು ಮಾಡಿತು.

ನಾವು ಯೋಚಿಸಬೇಕಾದುದು ಇಷ್ಟೇ. ಹರಬನ್ಸ್ ಸಿಂಗ್ "ಮತ್ತೆ ಮತ್ತೆ" ಅರ್ಜಿ ಹಾಕಿದ್ದರಿಂದ ಬದುಕಿದ. ಜೀತಾ ಸಿಂಗ್ ಹಾಕಲಿಲ್ಲ, ಅವನ ಪಾಲಿಗೆ ಎಲ್ಲವೂ ಮುಗಿದು ಹೋಯಿತು.

ಕಾನೂನೇ ತೆರೆದಿಟ್ಟ ಬಾಗಿಲುಗಳು

ಇಂತಹ ಅರ್ಜಿಗಳು ಕಾನೂನಿನ ಕಣ್ತಪ್ಪಿಸಿ ನುಸುಳುವ ಕಳ್ಳದಾರಿಗಳೆಂದು ಅನೇಕರು ತಿಳಿದಿದ್ದಾರೆ. ಇದು ತಪ್ಪು. ತನ್ನ ತೀರ್ಪನ್ನು ತಾನೇ ಪುನರ್‌ಪರಿಶೀಲಿಸುವ ಅಧಿಕಾರವನ್ನು ಸಂವಿಧಾನದ 137ನೇ ವಿಧಿಯೇ ಸುಪ್ರೀಮ್ ಕೋರ್ಟಿಗೆ ಕೊಟ್ಟಿದೆ. ಅದು ತಿರಸ್ಕೃತವಾದ ಬಳಿಕವೂ ಘೋರ ಅನ್ಯಾಯ ಉಳಿದಿದ್ದರೆ ಸರಿಪಡಿಸಲು 'ಕ್ಯುರೇಟಿವ್' ಅರ್ಜಿ ಎಂಬ ಇನ್ನೊಂದು ದಾರಿಯನ್ನು ಸುಪ್ರೀಮ್ ಕೋರ್ಟೇ 2002ರಲ್ಲಿ, ರೂಪಾ ಅಶೋಕ್ ಹುರ್ರಾ ಪ್ರಕರಣದಲ್ಲಿ ತೆರೆಯಿತು. ಸಂವಿಧಾನದ 72 ಮತ್ತು 161ನೇ ವಿಧಿಗಳು ರಾಷ್ಟ್ರಪತಿ ಹಾಗೂ ರಾಜ್ಯಪಾಲರಿಗೆ ಕ್ಷಮಾದಾನದ ಅಧಿಕಾರ ನೀಡಿವೆ.

ಎರಡನೆಯ ಖಲೀಫ ಹಝ್ರತ್ ಉಮರ್(ರ) ಅವರು ತಮ್ಮ ನ್ಯಾಯಾಧಿಕಾರಿಯಾಗಿದ್ದ ಅಬೂಮೂಸಾ ಅಶ್‌ಅರಿ(ರ) ಅವರಿಗೆ ಬರೆದರೆಂದು ಪ್ರಸಿದ್ಧವಾದ ಪತ್ರವೊಂದಿದೆ. ನಿನ್ನೆ ಕೊಟ್ಟ ತೀರ್ಪು ತಪ್ಪೆಂದು ಇಂದು ಮನವರಿಕೆಯಾದರೆ ಸತ್ಯದೆಡೆಗೆ ಮರಳಲು ಹಿಂಜರಿಯಬಾರದೆಂಬುದು ಅದರ ಸಾರಗಳಲ್ಲೊಂದು. ನ್ಯಾಯಪೀಠಕ್ಕೆ ತನ್ನ ಮಾತಿನ ಹಟಕ್ಕಿಂತ ಸತ್ಯ ದೊಡ್ಡದು ಎಂಬ ತಿಳಿವಳಿಕೆ ಹೊಸತಲ್ಲ ಎಂಬುದಕ್ಕಾಗಿ ಇದನ್ನು ನೆನಪಿಸಿದ್ದೇವೆ.

ಆದರೆ ಬಾಗಿಲಿದ್ದರೆ ಸಾಲದು, ಒಳಗಿದ್ದವರು ಕೇಳಿಸಿಕೊಳ್ಳಬೇಕು. ಪುನರ್‌ಪರಿಶೀಲನಾ ಅರ್ಜಿಗಳನ್ನು ನ್ಯಾಯಾಧೀಶರು ಸಾಮಾನ್ಯವಾಗಿ ತಮ್ಮ ಕೊಠಡಿಯಲ್ಲೇ, ವಕೀಲರ ವಾದವಿಲ್ಲದೆ, ಕಡತ ನೋಡಿ ಇತ್ಯರ್ಥಪಡಿಸುತ್ತಾರೆ. ಮರಣದಂಡನೆಯ ಅರ್ಜಿಗಳೂ ಹೀಗೆಯೇ ಮುಗಿಯುತ್ತಿದ್ದವು. ಕೆಂಪುಕೋಟೆ ದಾಳಿ ಪ್ರಕರಣದಲ್ಲಿ ಮರಣದಂಡನೆಗೊಳಗಾದ ಮುಹಮ್ಮದ್ ಆರಿಫ್ ಮತ್ತಿತರರು ಇದನ್ನು ಪ್ರಶ್ನಿಸಿದರು. 2014ರ ಸೆಪ್ಟೆಂಬರ್ 2ರಂದು ಸಂವಿಧಾನ ಪೀಠವು ನಾಲ್ಕು-ಒಂದರ ಬಹುಮತದಿಂದ, ಮರಣದಂಡನೆಯ ಪುನರ್‌ಪರಿಶೀಲನಾ ಅರ್ಜಿಗಳನ್ನು ಮೂವರು ನ್ಯಾಯಾಧೀಶರು ತೆರೆದ ನ್ಯಾಯಾಲಯದಲ್ಲಿಯೇ ಕೇಳಬೇಕೆಂದು ತೀರ್ಪು ನೀಡಿತು. ಒಂದೇ ಸಾಕ್ಷ್ಯವನ್ನು ನೋಡಿ ಇಬ್ಬರು ನ್ಯಾಯಾಧೀಶರು ಎರಡು ನಿರ್ಣಯಕ್ಕೆ ಬರುವುದು ಸಾಧ್ಯ. ಜಾರಿಯಾದ ಮರಣದಂಡನೆಯನ್ನು ಹಿಂದಕ್ಕೆ ತರುವುದು ಅಸಾಧ್ಯ. ಈ ಎರಡು ಮಾತುಗಳ ಮೇಲೆ ಆ ತೀರ್ಪು ನಿಂತಿದೆ.

ಆರಿಫ್‌ಗೆ ಇದರಿಂದ ಶಿಕ್ಷೆ ತಪ್ಪಲಿಲ್ಲ. ಅವನ ಪುನರ್‌ಪರಿಶೀಲನಾ ಅರ್ಜಿಯು ತೆರೆದ ವಿಚಾರಣೆಯ ನಂತರ 2022ರ ನವೆಂಬರ್ 3ರಂದು ತಿರಸ್ಕೃತವಾಯಿತು. ಆದರೆ ಅವನ ಅರ್ಜಿಯಿಂದ ತೆರೆದ ಬಾಗಿಲಿನ ಮೂಲಕ ಬೇರೆ ಆರು ಮಂದಿ ಹೊರಬಂದರು. ಅವರ ಕತೆಯನ್ನು ನಾವೆಲ್ಲರೂ ತಿಳಿದಿರಬೇಕು.

ಆರು ಅಲೆಮಾರಿಗಳು

2003ರ ಜೂನ್‌ನಲ್ಲಿ ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಒಂದು ಗುಡಿಸಲಿಗೆ ನುಗ್ಗಿದ ದರೋಡೆಕೋರರು ಐವರನ್ನು ಕೊಂದು, ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವೆಸಗಿದರು. ಘೋರ ಕೃತ್ಯವದು. ಅಲೆಮಾರಿ ಬುಡಕಟ್ಟಿಗೆ ಸೇರಿದ ಆರು ಬಡವರು ಬಂಧಿತರಾದರು. 2006ರಲ್ಲಿ ನಾಸಿಕ್ ನ್ಯಾಯಾಲಯವು ಆರೂ ಮಂದಿಗೆ ಮರಣದಂಡನೆ ವಿಧಿಸಿತು. 2007ರಲ್ಲಿ ಬಾಂಬೆ ಹೈಕೋರ್ಟು ಮೂವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. 2009ರ ಏಪ್ರಿಲ್‌ನಲ್ಲಿ ಸುಪ್ರೀಮ್ ಕೋರ್ಟ್, ಸರಕಾರದ ಮೇಲ್ಮನವಿಯನ್ನು ಪುರಸ್ಕರಿಸಿ, ಮತ್ತೆ ಆರು ಮಂದಿಗೂ ಮರಣದಂಡನೆ ಎಂದು ತೀರ್ಪಿತ್ತಿತು. ಅವರ ಪುನರ್‌ಪರಿಶೀಲನಾ ಅರ್ಜಿಗಳೂ ತಿರಸ್ಕೃತವಾದವು. "ಅಂತಿಮ" ಎಂಬ ಪದಕ್ಕೆ ಇದಕ್ಕಿಂತ ಹೆಚ್ಚಿನ ಅರ್ಥವೇನಿದೆ?

2014ರ ತೀರ್ಪಿನ ಆಧಾರದಲ್ಲಿ ಅವರು ಮತ್ತೆ ಬಾಗಿಲು ತಟ್ಟಿದರು. 2018ರ ಅಕ್ಟೋಬರ್‌ನಲ್ಲಿ ಸುಪ್ರೀಮ್ ಕೋರ್ಟ್ ತನ್ನ 2009ರ ತೀರ್ಪನ್ನು ಹಿಂತೆಗೆದುಕೊಂಡು ಮೇಲ್ಮನವಿಯನ್ನು ಹೊಸದಾಗಿ ಆಲಿಸಿತು. ಆಗ ಹೊರಬಂದ ಸಂಗತಿಯೇನು? ಬದುಕುಳಿದಿದ್ದ ಪ್ರತ್ಯಕ್ಷ ಸಾಕ್ಷಿಯಾದ ಹೆಣ್ಣುಮಗಳು, ಪೊಲೀಸರು ತೋರಿಸಿದ ಹಳೆಯ ಅಪರಾಧಿಗಳ ಚಿತ್ರಗಳಲ್ಲಿ ಬೇರೆಯೇ ನಾಲ್ವರನ್ನು ಗುರುತಿಸಿದ್ದರು. ಆ ನಾಲ್ವರ ಬಗ್ಗೆ ತನಿಖೆಯೇ ಮುಂದುವರಿಯಲಿಲ್ಲ! 2019ರ ಮಾರ್ಚ್ 5ರಂದು ನ್ಯಾಯಮೂರ್ತಿಗಳಾದ ಎ.ಕೆ. ಸಿಕ್ರಿ, ನಮ್ಮ ದಕ್ಷಿಣ ಕನ್ನಡ ಮೂಲದ ಎಸ್. ಅಬ್ದುಲ್ ನಝೀರ್ ಮತ್ತು ಎಂ.ಆರ್. ಶಾ ಅವರ ಪೀಠವು ಆರೂ ಮಂದಿಯನ್ನು ದೋಷಮುಕ್ತಗೊಳಿಸಿತು. ತಲಾ ಐದು ಲಕ್ಷ ರೂಪಾಯಿ ಪರಿಹಾರ ನೀಡುವಂತೆಯೂ ತಪ್ಪಿತಸ್ಥ ಪೊಲೀಸ್ ಅಧಿಕಾರಿಗಳ ಮೇಲೆ ಕ್ರಮ ಕೈಗೊಳ್ಳುವಂತೆಯೂ ಆದೇಶಿಸಿತು. ಅಷ್ಟರಲ್ಲಿ ಹದಿನಾರು ವರ್ಷಗಳು ಸಂದಿದ್ದವು. ಆ ಆರು ಮಂದಿಯಲ್ಲೊಬ್ಬ ಬಂಧನದ ವೇಳೆ ಬಾಲಕನಾಗಿದ್ದ.

2009ರಲ್ಲಿ "ಇನ್ನೇಕೆ ತಡ?" ಎಂದವರ ಮಾತು ನಡೆದಿದ್ದರೆ ಆರು ನಿರಪರಾಧಿಗಳು ಗಲ್ಲಿಗೇರುತ್ತಿದ್ದರು. ನಿಜವಾದ ಕೊಲೆಗಾರರು ನಿಶ್ಚಿಂತರಾಗಿರುತ್ತಿದ್ದರು. ಸತ್ತವರಿಗೆ ನ್ಯಾಯ ಸಿಕ್ಕಿತೆಂದು ನಾವೆಲ್ಲರೂ ನಂಬಿ ಮಲಗುತ್ತಿದ್ದೆವು.

ಇದೊಂದೇ ಪ್ರಕರಣವೆಂದು ಯಾರೂ ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಇಡೀ ದೇಶವೇ ಬೆಚ್ಚಿ ಬಿದ್ದಿದ್ದ ನಿಠಾರಿ ಹತ್ಯಾ ಪ್ರಕರಣಗಳಲ್ಲೊಂದರಲ್ಲಿ ಸುರೇಂದ್ರ ಕೋಲಿಯ ಮರಣದಂಡನೆಯನ್ನು ಸುಪ್ರೀಮ್ ಕೋರ್ಟ್ 2011ರಲ್ಲಿ ಎತ್ತಿ ಹಿಡಿದಿತ್ತು, 2014ರಲ್ಲಿ ಪುನರ್‌ಪರಿಶೀಲನಾ ಅರ್ಜಿಯನ್ನೂ ತಳ್ಳಿಹಾಕಿತ್ತು. 2015ರಲ್ಲಿ ಅಲಹಾಬಾದ್ ಹೈಕೋರ್ಟು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಅದೇ ರೀತಿಯ ಸಾಕ್ಷ್ಯವಿದ್ದ ಉಳಿದ ಹನ್ನೆರಡು ಪ್ರಕರಣಗಳಲ್ಲಿ ಅವನು 2023ರಲ್ಲಿ ಬಿಡುಗಡೆ ಹೊಂದಿದ ಬಳಿಕ, 2025ರ ನವೆಂಬರ್ 11ರಂದು ಸುಪ್ರೀಮ್ ಕೋರ್ಟ್ ಕ್ಯುರೇಟಿವ್ ಅರ್ಜಿಯನ್ನು ಪುರಸ್ಕರಿಸಿ ಕೊನೆಯ ಪ್ರಕರಣದಲ್ಲೂ ಅವನನ್ನು ದೋಷಮುಕ್ತಗೊಳಿಸಿತು. ಹಾಗಾದರೆ ಆ ಮಕ್ಕಳನ್ನು ಕೊಂದವರಾರು? ತನಿಖೆ ತಪ್ಪಿದಾಗ ಆರೋಪಿಗೆ ಮಾತ್ರವಲ್ಲ, ಸಂತ್ರಸ್ತರಿಗೂ ಅನ್ಯಾಯವಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ವಿಳಂಬ ಯಾರದು?

ಅಪರಾಧಿಗಳೇ ಕಾಲಹರಣ ಮಾಡುತ್ತಾರೆಂಬುದು ಇನ್ನೊಂದು ಆಪಾದನೆ. ನಮ್ಮ ರಾಜ್ಯದ ಪ್ರಕರಣವನ್ನೇ ನೋಡೋಣ. 1993ರ ಏಪ್ರಿಲ್‌ನಲ್ಲಿ ವೀರಪ್ಪನ್ ತಂಡ ಪಾಲಾರ್ ಬಳಿ ನಡೆಸಿದ ನೆಲಬಾಂಬ್ ಸ್ಫೋಟದಲ್ಲಿ 22 ಮಂದಿ ಸತ್ತರು. ಮೈಸೂರಿನ ಟಾಡಾ ನ್ಯಾಯಾಲಯವು 2001ರಲ್ಲಿ ನಾಲ್ವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಮೇಲ್ಮನವಿ ಹೋದಾಗ ಸುಪ್ರೀಮ್ ಕೋರ್ಟ್ 2004ರ ಜನವರಿಯಲ್ಲಿ ಶಿಕ್ಷೆಯನ್ನು ಮರಣದಂಡನೆಗೆ ಏರಿಸಿತು. ಅವರು ಕ್ಷಮಾದಾನ ಕೋರಿದರು. ಆ ಅರ್ಜಿಗೆ ಉತ್ತರ ಬಂದದ್ದು 2013ರ ಫೆಬ್ರವರಿಯಲ್ಲಿ. ಒಂಬತ್ತು ವರ್ಷಗಳ ನಂತರ! ಆ ಒಂಬತ್ತು ವರ್ಷ ಅರ್ಜಿಯಿದ್ದುದು ಸರಕಾರದ ಕಡತಗಳಲ್ಲಿ, ಅರ್ಜಿದಾರರ ಕೈಯಲ್ಲಲ್ಲ. 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ ಇವರೂ ಸೇರಿದಂತೆ ಹದಿನೈದು ಮಂದಿಯ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಕ್ಷಮಾದಾನ ತಿರಸ್ಕೃತವಾದುದನ್ನು ತಿಳಿಸಿ, ದಂಡನೆಗೆ ಮುನ್ನ ಕನಿಷ್ಠ ಹದಿನಾಲ್ಕು ದಿನಗಳ ಅವಕಾಶ ಕೊಡಬೇಕೆಂದೂ, ಮನೆಯವರಿಗೆ ಮುಂಚಿತವಾಗಿ ತಿಳಿಸಬೇಕೆಂದೂ ವಿಧಿಸಿತು. ಅದಕ್ಕೆ ಒಂದು ವರ್ಷ ಮೊದಲು, 2013ರ ಫೆಬ್ರವರಿ 9ರಂದು ಅಫ್ಝಲ್ ಗುರುವನ್ನು ಗಲ್ಲಿಗೇರಿಸಿದಾಗ, ಸರಕಾರ ಕಳುಹಿಸಿದ ಪತ್ರವು ಮನೆಯವರ ಕೈಸೇರುವ ಮೊದಲೇ ಎಲ್ಲವೂ ಮುಗಿದು ಹೋಗಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ಅವನ ಅಪರಾಧದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಅವನ ಪತ್ನಿ ಮತ್ತು ಮಗ ಅಪರಾಧಿಗಳಾಗಿರಲಿಲ್ಲ.

ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ ಬಿ.ಎ. ಉಮೇಶ್ ಎಂಬ ಕೈದಿಯ ಮರಣದಂಡನೆಯನ್ನು 2022ರ ನವೆಂಬರ್‌ನಲ್ಲಿ ಸುಪ್ರೀಮ್ ಕೋರ್ಟ್ ಕನಿಷ್ಠ ಮೂವತ್ತು ವರ್ಷಗಳ ಸೆರೆವಾಸಕ್ಕೆ ಇಳಿಸಿದ ಕಾರಣವೂ ಇಂತಹುದೇ. 2006ರಿಂದ 2016ರ ವರೆಗೆ, ಹತ್ತು ವರ್ಷ ಕಾಲ, ಅವನನ್ನು ಕಾನೂನಿಗೆ ವಿರುದ್ಧವಾಗಿ ಏಕಾಂತ ಸೆರೆಯಲ್ಲಿಡಲಾಗಿತ್ತು. ಹೀಗೆ ಆಡಳಿತವೇ ನಿಯಮ ಮುರಿದು ಶಿಕ್ಷೆಯನ್ನು ದುರ್ಬಲಗೊಳಿಸುತ್ತದೆ. ದೂಷಣೆ ಮಾತ್ರ ಅರ್ಜಿ ಹಾಕಿದವನ ಪಾಲಿಗೆ.

ಹೊಸ ಸಂಹಿತೆಯ 472ನೇ ಕಲಮು ಕ್ಷಮಾದಾನದ ಅರ್ಜಿಗೆ ಮೂವತ್ತು ದಿನ, ರಾಜ್ಯಪಾಲರು ತಿರಸ್ಕರಿಸಿದರೆ ರಾಷ್ಟ್ರಪತಿಯವರಿಗೆ ಸಲ್ಲಿಸಲು ಅರುವತ್ತು ದಿನ ಎಂಬ ಗಡುವು ಹಾಕಿದೆ. ಗಡುವು ಇರುವುದು ತಪ್ಪಲ್ಲ. ಆದರೆ ಅರ್ಜಿಯ ಮೇಲೆ ನಿರ್ಧಾರ ತಳೆಯಲು ರಾಷ್ಟ್ರಪತಿಯವರಿಗೆ ಅಂತಹ ಗಡುವನ್ನು ಅದು ಹಾಕಿಲ್ಲ. ಮಾತ್ರವಲ್ಲ, ಆ ನಿರ್ಧಾರವನ್ನು ಯಾವ ನ್ಯಾಯಾಲಯವೂ ವಿಚಾರಿಸುವಂತಿಲ್ಲವೆಂದೂ ಬರೆದಿದೆ. 2014ರಲ್ಲಿ ಹದಿನೈದು ಜೀವಗಳನ್ನುಳಿಸಿದ್ದು ಅಂತಹ ನ್ಯಾಯಾಂಗ ವಿಚಾರಣೆಯೇ ಅಲ್ಲವೇ? ಸಂವಿಧಾನವು ನ್ಯಾಯಾಲಯಕ್ಕೆ ಕೊಟ್ಟ ಅಧಿಕಾರವನ್ನು ಸಾಧಾರಣ ಕಾನೂನೊಂದು ಕಿತ್ತುಕೊಳ್ಳಬಲ್ಲುದೇ ಎಂದು ನಾವು ಕೇಳಲೇಬೇಕಾಗಿದೆ.

ಬಾಗಿಲು ತಟ್ಟುವವರು ಸಂತ್ರಸ್ತರೂ ಹೌದು

ಪುನರ್‌ಪರಿಶೀಲನೆಯು ಅಪರಾಧಿಗಳ ಪರವಾದ ಸವಲತ್ತು ಎಂದು ತಿಳಿಯುವವರು ಬಿಲ್ಕೀಸ್ ಬಾನು ಪ್ರಕರಣವನ್ನು ನೋಡಲಿ. 2008ರಲ್ಲಿ ಹನ್ನೊಂದು ಮಂದಿಗೆ ಜೀವಾವಧಿ ಶಿಕ್ಷೆಯಾಯಿತು. 2022ರ ಮೇಯಲ್ಲಿ, ಅಪರಾಧಿಗಳಲ್ಲೊಬ್ಬನ ಅರ್ಜಿಯ ಮೇಲೆ ಸುಪ್ರೀಮ್ ಕೋರ್ಟ್, ಬಿಡುಗಡೆಯ ವಿಚಾರವನ್ನು ಗುಜರಾತ್ ಸರಕಾರವೇ ನಿರ್ಧರಿಸಬಹುದೆಂದಿತು. ಆ ವರ್ಷದ ಆಗಸ್ಟ್ 15ರಂದು ಹನ್ನೊಂದು ಮಂದಿಯೂ ಹೊರಬಂದರು, ಹಾರ ಹಾಕಿಸಿಕೊಂಡರು, ಸಿಹಿ ತಿಂದರು. ಬಿಲ್ಕೀಸ್ ಬಾನು ಪುನರ್‌ಪರಿಶೀಲನಾ ಅರ್ಜಿ ಹಾಕಿದರು. 2022ರ ಡಿಸೆಂಬರ್‌ನಲ್ಲಿ ಅದು ತಿರಸ್ಕೃತವಾಯಿತು. ಅಂತಿಮವಾಯಿತೆಂದು ಅವರು ಸುಮ್ಮನೆ ಕೂರಲಿಲ್ಲ. ಬಿಡುಗಡೆಯ ಆದೇಶವನ್ನೇ ಪ್ರಶ್ನಿಸಿದ ಅವರ ಹಾಗೂ ಇತರರ ಅರ್ಜಿಗಳ ಮೇಲೆ 2024ರ ಜನವರಿ 8ರಂದು ತೀರ್ಪು ಬಂತು. ಮೇ ತಿಂಗಳ ಆ ಆದೇಶವನ್ನು ಸತ್ಯಾಂಶ ಮರೆಮಾಚಿ ಪಡೆಯಲಾಗಿತ್ತು, ಆದ್ದರಿಂದ ಅದು ಅಸಿಂಧು ಎಂದು ಹೇಳಿದ ಸುಪ್ರೀಮ್ ಕೋರ್ಟ್, ಹನ್ನೊಂದು ಮಂದಿಯೂ ಎರಡು ವಾರಗಳಲ್ಲಿ ಜೈಲಿಗೆ ಮರಳುವಂತೆ ಆದೇಶಿಸಿತು. ಮತ್ತೆ ಮತ್ತೆ ಬಾಗಿಲು ತಟ್ಟಬಾರದೆಂಬ ನಿಯಮವಿದ್ದಿದ್ದರೆ ಈ ಸಹೋದರಿ ಎಲ್ಲಿಗೆ ಹೋಗಬೇಕಿತ್ತು?

ನಮ್ಮನ್ನು ನಾವೇ ಕೇಳಿಕೊಳ್ಳೋಣ

ಈಗ ಸ್ವಲ್ಪ ಕಹಿಯಾದ ಮಾತು. ಅಕ್ಷರಧಾಮ ಪ್ರಕರಣದಲ್ಲಿ ಹೈಕೋರ್ಟಿನವರೆಗೂ ಅಪರಾಧಿಗಳೆನಿಸಿ, ಮೂವರಿಗೆ ಮರಣದಂಡನೆಯೂ ಆಗಿದ್ದ ಆರು ಮಂದಿಯನ್ನು 2014ರ ಮೇ 16ರಂದು ಸುಪ್ರೀಮ್ ಕೋರ್ಟ್ ಬಿಡುಗಡೆ ಮಾಡಿದಾಗ ನಮ್ಮ ಸಮುದಾಯ ಅದನ್ನು ಸರಿಯಾಗಿಯೇ ಸಂಭ್ರಮಿಸಿತು. ಆದರೆ ನಾಸಿಕ್‌ನ ಆ ಆರು ಅಲೆಮಾರಿಗಳಿಗಾಗಿ ನಮ್ಮಲ್ಲಿ ಎಷ್ಟು ಮಂದಿ ಮರುಗಿದ್ದೇವೆ? ಅವರ ಹೆಸರು ನಮ್ಮ ಹೆಸರಿನಂತಿರಲಿಲ್ಲ ಎಂಬುದಷ್ಟೇ ಕಾರಣವಾದರೆ, ನಾವು ಕೇಳುತ್ತಿರುವುದು ನ್ಯಾಯವಲ್ಲ, ಪಕ್ಷಪಾತ. ನಮ್ಮವನು ಸಿಕ್ಕಿಬಿದ್ದಾಗ "ತೀರ್ಪು ಮರುಪರಿಶೀಲಿಸಿ" ಎನ್ನುವುದು, ಬೇರೆಯವನು ಸಿಕ್ಕಿಬಿದ್ದಾಗ "ತಕ್ಷಣ ಗಲ್ಲಿಗೇರಿಸಿ" ಎನ್ನುವುದು, ಎರಡೂ ಒಂದೇ ಬಾಯಿಯಿಂದ ಬರಬಾರದು.

ಎರಡನೆಯದಾಗಿ, ಎಲ್ಲ ತೀರ್ಪುಗಳನ್ನೂ ಸಂಚು ಎಂದು ಬಣ್ಣಿಸುವ ಅಭ್ಯಾಸವನ್ನು ಬಿಡಬೇಕು. ಅಪರಾಧ ಮಾಡಿದವನು ನಮ್ಮ ಮನೆಯವನೇ ಆಗಿದ್ದರೂ ಅಪರಾಧಿಯೇ. ಹೊಸ ಆಧಾರವೇನೂ ಇಲ್ಲದೆ, ದಿನ ತಳ್ಳುವುದಕ್ಕಾಗಿಯೇ ಹಾಕುವ ಅರ್ಜಿಯು ನಿಜವಾದ ನಿರಪರಾಧಿಯ ಅರ್ಜಿಯ ಮೇಲಿನ ವಿಶ್ವಾಸವನ್ನೂ ಕೆಡಿಸುತ್ತದೆ.

ಮೂರನೆಯದಾಗಿ, ಕೊನೆಯ ಬಾಗಿಲಲ್ಲಿ ಅಳುವುದಕ್ಕಿಂತ ಮೊದಲ ಬಾಗಿಲಲ್ಲಿ ಎಚ್ಚರಾಗಿರುವುದು ಮೇಲು. ಪುನರ್‌ಪರಿಶೀಲನೆಯಲ್ಲಿ ಸಾಕ್ಷ್ಯವನ್ನು ಮೊದಲಿನಿಂದ ತೂಗುವುದಿಲ್ಲ. ಕಣ್ಣಿಗೆ ರಾಚುವಂತಹ ತಪ್ಪಿದ್ದರೆ ಮಾತ್ರ ನೋಡುತ್ತಾರೆ. ಆದ್ದರಿಂದ ಕೇಸಿನ ಹಣೆಬರಹ ಬಹುಪಾಲು ನಿರ್ಧಾರವಾಗುವುದು ನಮ್ಮದೇ ಊರಿನ ಸೆಶನ್ಸ್ ನ್ಯಾಯಾಲಯದಲ್ಲಿ. ಅಲ್ಲಿ ಕೇಳದ ಪಾಟೀಸವಾಲನ್ನು ದಿಲ್ಲಿಯಲ್ಲಿ ಕೇಳಲಾಗದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಬಂಧನದಲ್ಲಿರುವ ಯಾವುದೇ ವ್ಯಕ್ತಿಗೆ, ಎಲ್ಲ ಮಹಿಳೆಯರಿಗೆ ಹಾಗೂ ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ತಾಲೂಕು ನ್ಯಾಯಾಲಯದ ಆವರಣದಲ್ಲೇ ಅದರ ಸಮಿತಿಯಿದೆ. 15100 ಎಂಬ ದೂರವಾಣಿ ಸಂಖ್ಯೆಯಿದೆ. ಮದುವೆಯ ಶಾಮಿಯಾನಕ್ಕೆ ಲಕ್ಷ ಸುರಿಯುವ ನಮ್ಮ ಪಟ್ಟಣಗಳಲ್ಲಿ ಈ ಒಂದು ಸಂಖ್ಯೆ ಎಷ್ಟು ಮನೆಗಳಿಗೆ ತಿಳಿದಿದೆ?

ಗಡುವುಗಳೂ ತಿಳಿದಿರಲಿ. ಸೆಶನ್ಸ್ ನ್ಯಾಯಾಲಯದ ತೀರ್ಪಿನ ವಿರುದ್ಧ ಹೈಕೋರ್ಟಿಗೆ ಅರುವತ್ತು ದಿನ, ಮರಣದಂಡನೆಯಾದರೆ ಮೂವತ್ತು ದಿನ. ಹೈಕೋರ್ಟಿನ ತೀರ್ಪಿನ ವಿರುದ್ಧ ವಿಶೇಷ ಅನುಮತಿ ಅರ್ಜಿಗೆ ಸಾಮಾನ್ಯವಾಗಿ ತೊಂಬತ್ತು ದಿನ, ಮರಣದಂಡನೆಯಾದರೆ ಅರುವತ್ತು ದಿನ. ಸುಪ್ರೀಮ್ ಕೋರ್ಟಿನಲ್ಲಿ ಪುನರ್‌ಪರಿಶೀಲನೆಗೆ ಮೂವತ್ತು ದಿನ. ತಡವಾದರೆ ಕಾರಣ ತಿಳಿಸಿ ಮನ್ನಿಸಲು ಕೋರಬಹುದಾದರೂ ಅದನ್ನು ನೆಚ್ಚಿ ಕೂರಬಾರದು. ತೀರ್ಪಿನ ಪ್ರತಿ, ಸಾಕ್ಷಿಗಳ ಹೇಳಿಕೆ, ಬಾಲಕನಾಗಿದ್ದರೆ ಶಾಲೆಯ ವಯಸ್ಸಿನ ದಾಖಲೆ, ಕಾಯಿಲೆಯಿದ್ದರೆ ಆಸ್ಪತ್ರೆಯ ಚೀಟಿ ಇವೆಲ್ಲವನ್ನೂ ಒಂದೆಡೆ ಜೋಪಾನವಾಗಿಡಬೇಕು. ಪ್ರತಿಯೊಂದು ಮೊಹಲ್ಲಾದಲ್ಲಿ ವಿದ್ಯಾವಂತ ಯುವಕ ಯುವತಿಯರು ಇಬ್ಬರಾದರೂ ಇದನ್ನು ಕಲಿತು, ಜಾತಿ ಮತ ನೋಡದೆ ನೆರೆಹೊರೆಯ ಬಡವರಿಗೆ ನೆರವಾದರೆ ಅದು ನೂರು ಠರಾವುಗಳಿಗಿಂತ ಮಿಗಿಲಾದ ಸೇವೆ.

ಸಹೋದರ ಸಹೋದರಿಯರೇ, ವ್ಯಾಜ್ಯಕ್ಕೆ ಕೊನೆ ಬೇಕು, ನಿಜ. ಆದರೆ ಶಿಕ್ಷೆಗಳಲ್ಲಿ ಒಂದು ಮಾತ್ರ ತಿದ್ದುಪಡಿಗೆ ಸ್ಥಳವನ್ನೇ ಉಳಿಸುವುದಿಲ್ಲ. ಸೆರೆವಾಸವನ್ನು ಅರ್ಧದಲ್ಲಿ ನಿಲ್ಲಿಸಬಹುದು, ಕಸಿದುಕೊಂಡ ವರ್ಷಗಳಿಗೆ ಐದು ಲಕ್ಷವೆಂಬ ಅಲ್ಪ ಬೆಲೆಯನ್ನಾದರೂ ಕಟ್ಟಬಹುದು. ಜೀತಾ ಸಿಂಗನಿಗೆ ಏನು ಕೊಡುವುದು? ಎಲ್ಲಿಯವರೆಗೆ ಮರಣದಂಡನೆ ನಮ್ಮ ಕಾನೂನಿನಲ್ಲಿದೆಯೋ ಅಲ್ಲಿಯವರೆಗೆ ಬಾಗಿಲು ತಟ್ಟುವ ಸದ್ದನ್ನು ಕೇಳಿಸಿಕೊಳ್ಳುವ ತಾಳ್ಮೆಯೂ ನಮ್ಮಲ್ಲಿರಬೇಕು. ಆ ಸದ್ದು ಯಾವ ಮನೆಯಿಂದ ಬಂದರೂ ಸರಿ, ಕಿವಿಗೊಡುವವರು ನಾವಾಗೋಣ ಎಂದು ಹಾರೈಸುತ್ತಾ ನಮ್ಮ ಮಾತನ್ನು ಮುಗಿಸುತ್ತೇವೆ.